ಮನೆಯ ವೈರಿಂಗಿಗೂ ಒಂದು ಆಡಿಟ್ ಬೇಕು

(ಸಂಘದ ರಜತ ಮಹೋತ್ಸವದ ಅಂಗವಾಗಿ ಸಂಘದ ಆವರಣದಲ್ಲಿ ನಡೆದ ಸದಸ್ಯರ ಸಭೆಯಲ್ಲಿ ನಿವೃತ್ತ ವಿದ್ಯುತ್ ಇಂಜಿನಿಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಇಂಥ ಸಮಾರಂಭಗಳಲ್ಲಿ ಸಹಕಾರ ತತ್ವದ ಬಗ್ಗೆ, ಹೈನುಗಾರಿಕೆಯ ಬಗ್ಗೆ ಮಾತಾಡುವುದು ವಾಡಿಕೆ. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ಮಾತಾಡಿ ಕೂತಿದ್ದಾರೆ. ನಮ್ಮ ಕಾರ್ಯದರ್ಶಿಗಳು ಮನೆಗೆ ಬಂದು, "ನೀವು ಕರೆಂಟಿನ ಇಲಾಖೆಯಲ್ಲಿ ಇದ್ದೋರು ಸಾರ್, ಜನಕ್ಕೆ ಉಪಯೋಗ ಆಗೋ ಹಾಗೆ ನಾಲ್ಕು ಮಾತು ಹೇಳಿ" ಎಂದರು. ಹಾಗಾಗಿ ನಾನು ಆರಿಸಿಕೊಂಡಿರುವ ವಿಷಯ ಮನೆಯ ವೈರಿಂಗಿನ ತಪಾಸಣೆ. ಅದರಲ್ಲೂ ನಾವು ಬಾಡಿಗೆಗೆ ಕೊಟ್ಟಿರುವ ಮನೆ, ಮಳಿಗೆಗಳ ತಪಾಸಣೆ.

ಸಹಕಾರಕ್ಕೂ ಕರೆಂಟಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ನಮ್ಮ ನಾಡಿನಲ್ಲಿ ಇವೆರಡೂ ಒಂದೇ ಕಾಲದಲ್ಲಿ ಬೆಳೆದವು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಾಗಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. ಅದೇ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ಎರಡಕ್ಕೂ ನೂರಿಪ್ಪತ್ತು ವರ್ಷದ ಇತಿಹಾಸವಿದೆ. ಆದರೆ ಒಂದು ವ್ಯತ್ಯಾಸವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ನಮ್ಮ ಸಂಘದ ಲೆಕ್ಕಪತ್ರ ಪ್ರತಿವರ್ಷ ಆಡಿಟ್ ಆಗುತ್ತದೆ. ಕಾರ್ಯದರ್ಶಿಗಳು ಪ್ರಾಮಾಣಿಕರು ಎಂದು ಊರಿಗೇ ಗೊತ್ತಿದ್ದರೂ ಆಡಿಟ್ ಬಿಡುವಂತಿಲ್ಲ. ಹೋದ ವರ್ಷ ಸರಿಯಾಗಿತ್ತು, ಈ ವರ್ಷ ಬೇಡ ಎಂದರೆ ಯಾರೂ ಒಪ್ಪುವುದಿಲ್ಲ. ಹಾಲಿಗೂ ದಿನಾ ಫ್ಯಾಟ್ ನೋಡುತ್ತೇವೆ. ಆದರೆ ನಮ್ಮ ಮನೆಯ ಗೋಡೆಯೊಳಗೆ ಓಡುವ ಕರೆಂಟನ್ನು ಯಾರು ನೋಡುತ್ತಾರೆ? ಮನೆ ಕಟ್ಟಿ ಮೀಟರು ಹಾಕಿಸುವಾಗ ಕಂಟ್ರಾಕ್ಟರು ಒಂದು ವೈರಿಂಗ್ ವರದಿಗೆ ಸಹಿ ಹಾಕಿ ಆಫೀಸಿಗೆ ಕೊಟ್ಟಿರುತ್ತಾನೆ. ಆಮೇಲೆ ಇಪ್ಪತ್ತು ವರ್ಷವಾಗಲಿ, ನಲವತ್ತು ವರ್ಷವಾಗಲಿ, ಆ ವೈರನ್ನು ಮತ್ತೆ ಕಣ್ಣೆತ್ತಿ ನೋಡಿದವರು ಬಹಳ ಕಡಿಮೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿ ಹೋಗಿ, 2002ರಲ್ಲಿ ಬೇರೆ ಬೇರೆ ಕಂಪನಿಗಳಾದರೂ ನಮ್ಮ ಜನ ಈಗಲೂ ಕೆ.ಇ.ಬಿ.ಯವರು ಎಂದೇ ಕರೆಯುವುದು. "ಮೀಟರ್ ಓದೋಕೆ ತಿಂಗಳಾ ಬರ್ತಾರಲ್ಲ, ಕೆ.ಇ.ಬಿ.ಯೋರು ನೋಡ್ಕೋತಾರೆ ಬಿಡಿ" ಎನ್ನುತ್ತಾರೆ. ಹಾಗಲ್ಲ. ಕಂಬದಿಂದ ಮೀಟರಿನವರೆಗೆ ಅವರ ಜವಾಬ್ದಾರಿ. ಮೀಟರಿನಿಂದ ಒಳಗಿನ ಮೇನ್ ಸ್ವಿಚ್ಚು, ವೈರು, ಬೋರ್ಡು, ಅರ್ಥಿಂಗು ಎಲ್ಲವೂ ಮನೆಯವರದು. ಲೈನು ಕಡಿದು ಬಿದ್ದು ಅನಾಹುತವಾದರೆ ಕಂಪನಿಯನ್ನು ಪರಿಹಾರ ಕೇಳಬಹುದು. ನಮ್ಮ ಬಚ್ಚಲುಮನೆಯ ಹಳೇ ವೈರಿನಿಂದ ಅನಾಹುತವಾದರೆ ಸಾಮಾನ್ಯವಾಗಿ ಯಾರನ್ನೂ ಕೇಳುವ ಹಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2021ರ ವರದಿಯಂತೆ ಆ ಒಂದು ವರ್ಷದಲ್ಲಿ ದೇಶದಲ್ಲಿ ವಿದ್ಯುತ್ ಆಘಾತದಿಂದ ಸತ್ತವರ ಸಂಖ್ಯೆ 12 ಸಾವಿರ ದಾಟಿತ್ತು.

ಈಗ ನಮ್ಮ ಊರಿನ ಮನೆಗಳನ್ನೇ ತೆಗೆದುಕೊಳ್ಳಿ. ಹಳೇ ಮನೆಗಳಿಗೆ ವೈರಿಂಗ್ ಮಾಡಿದಾಗ ನಡುಮನೆಗೆ ಒಂದು ಬಲ್ಬು, ಅಡಿಗೆಮನೆಗೆ ಒಂದು ಬಲ್ಬು, ಹೆಚ್ಚೆಂದರೆ ಒಂದು ರೇಡಿಯೋ ಪಾಯಿಂಟು. ಮರದ ಪಟ್ಟಿಯ ಮೇಲೆ ಸಣ್ಣ ವೈರು ಎಳೆದು ಕ್ಲಿಪ್ಪು ಹೊಡೆದಿದ್ದರು. ಅದೇ ವೈರಿಗೆ ಇವತ್ತು ಮಿಕ್ಸಿ, ಫ್ರಿಜ್, ಟಿ.ವಿ., ಇಸ್ತ್ರಿ ಪೆಟ್ಟಿಗೆ, ವಾಷಿಂಗ್ ಮಷೀನು, ನೀರು ಕಾಯಿಸುವ ಹೀಟರು, ಹಿತ್ತಲಲ್ಲಿ ಮೇವು ಕತ್ತರಿಸುವ ಯಂತ್ರ ಎಲ್ಲ ಸೇರಿಕೊಂಡಿವೆ.

ಲೆಕ್ಕ ಹಾಕಿ ನೋಡೋಣ. ನಮ್ಮ ಮನೆಗೆ ಬರುವುದು 230 ವೋಲ್ಟು. ಬಕೆಟ್ಟಿಗೆ ಇಳಿಬಿಡುವ ಹೀಟರು 1500 ವ್ಯಾಟ್, ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್. ಬೆಳಿಗ್ಗೆ ಮಕ್ಕಳು ಸ್ಕೂಲಿಗೆ ಹೊರಡುವ ಹೊತ್ತಿಗೆ ಎರಡೂ ಒಟ್ಟಿಗೆ ಓಡುತ್ತವೆ. 2500 ವ್ಯಾಟನ್ನು 230ರಿಂದ ಭಾಗಿಸಿದರೆ ಸುಮಾರು 11 ಆಂಪಿಯರ್ ಬರುತ್ತದೆ. ಆ ವೈರು, ಆ ಪ್ಲಗ್ಗು 5 ಆಂಪಿಯರಿನ ಲೆಕ್ಕದಲ್ಲಿ ಹಾಕಿದ್ದು. ಕರೆಂಟು ಎರಡರಷ್ಟಾದರೆ ವೈರಿನಲ್ಲಿ ಹುಟ್ಟುವ ಬಿಸಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಸಡಿಲವಾದ ಜಾಯಿಂಟು ಇದ್ದರಂತೂ ಆ ಒಂದು ಜಾಗವೇ ಕೆಂಡವಾಗುತ್ತದೆ. ವೈರಿನ ಮೇಲಿನ ಪ್ಲಾಸ್ಟಿಕ್ಕು ದಿನಾ ಸ್ವಲ್ಪ ಸ್ವಲ್ಪ ಬೆಂದು, ಗಟ್ಟಿಯಾಗಿ, ಬಿರುಕು ಬಿಡುತ್ತದೆ. ಇದು ಗೋಡೆಯೊಳಗೆ, ಅಟ್ಟದ ಮೇಲೆ ಆಗುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಹೀಗಾದಾಗ ಫ್ಯೂಸು ಹೋಗಬೇಕು, ಹೋಗುತ್ತದೆ ಕೂಡ. ಆಗ ನಾವು ಮಾಡುವುದೇನು? "ಪದೇ ಪದೇ ಹೋಗ್ತದೆ, ಸ್ವಲ್ಪ ದಪ್ಪಂದು ಹಾಕು" ಎಂದು ಮೋಟಾರಿನ ವೈರಿನ ಎಳೆಯನ್ನು ಸುತ್ತುತ್ತೇವೆ. ಕಾವಲು ನಾಯಿ ಬೊಗಳುತ್ತದೆ ಎಂದು ಅದರ ಬಾಯಿ ಕಟ್ಟಿ ಮಲಗಿದ ಹಾಗೆ ಇದು. ಫ್ಯೂಸು ಪದೇ ಪದೇ ಹೋಗುತ್ತಿದ್ದರೆ ತಪ್ಪು ಫ್ಯೂಸಿನದಲ್ಲ, ಒಳಗೆ ಇನ್ನೇನೋ ಕೆಟ್ಟಿದೆ ಎಂದು ಅರ್ಥ.

ಇನ್ನು ಮನುಷ್ಯನಿಗೆ ಶಾಕ್ ಹೊಡೆಯುವ ವಿಷಯ. ಎಷ್ಟು ಕರೆಂಟು ಸಾಕು ಪ್ರಾಣ ತೆಗೆಯಲಿಕ್ಕೆ? ಸಾವಿರ ಮಿಲಿ ಆಂಪಿಯರ್ ಸೇರಿದರೆ ಒಂದು ಆಂಪಿಯರ್. ಮೈಯೊಳಗೆ 30 ಮಿಲಿ ಆಂಪಿಯರ್ ಹರಿದರೇ ಅಪಾಯ ಶುರುವಾಗುತ್ತದೆ, ಸ್ನಾಯುಗಳು ಹಿಡಿದುಕೊಂಡು ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. 100 ಮಿಲಿ ಆಂಪಿಯರ್ ಒಂದೆರಡು ಸೆಕೆಂಡು ಹರಿದರೆ ಹೃದಯದ ಬಡಿತ ದಿಕ್ಕೆಟ್ಟು ನಿಲ್ಲಬಹುದು. ಹಿಂದೆ ಮನೆಮನೆಯಲ್ಲಿ ಇದ್ದ 60 ವ್ಯಾಟಿನ ಬಲ್ಬು ಎಳೆಯುತ್ತಿದ್ದುದು ಸುಮಾರು 260 ಮಿಲಿ ಆಂಪಿಯರ್. ಅಂದರೆ ಒಂದು ಬಲ್ಬು ಉರಿಯುವಷ್ಟು ಕರೆಂಟು ಇಬ್ಬರು ಮನುಷ್ಯರ ಪ್ರಾಣಕ್ಕೆ ಸಾಕು. ಅದೇ ಹೊತ್ತಿಗೆ ನಮ್ಮ ಬೋರ್ಡಿನಲ್ಲಿರುವ ಫ್ಯೂಸೋ ಎಂ.ಸಿ.ಬಿ.ಯೋ 16 ಆಂಪಿಯರಿನದು, ಅಂದರೆ 16 ಸಾವಿರ ಮಿಲಿ ಆಂಪಿಯರು! ಮನುಷ್ಯನಿಗೆ ಶಾಕ್ ಹೊಡೆಯುತ್ತಿರುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಎಂ.ಸಿ.ಬಿ. ಇರುವುದು ವೈರು ಸುಡದಂತೆ ಕಾಯಲಿಕ್ಕೆ. "ನಮ್ಮನೇಲಿ ಎಂ.ಸಿ.ಬಿ. ಹಾಕ್ಸಿದೀವಿ ಸಾರ್, ಏನೂ ಭಯ ಇಲ್ಲ" ಎನ್ನುವವರು ಇದನ್ನು ನೆನಪಿಡಬೇಕು.

ಮನುಷ್ಯನನ್ನು ಕಾಯಲು ಎರಡು ವ್ಯವಸ್ಥೆ ಬೇಕು. ಮೊದಲನೆಯದು ಅರ್ಥಿಂಗ್. ಫ್ರಿಜ್ಜೋ ಗೀಸರ್ರೋ ಒಳಗೆ ಕೆಟ್ಟು ಅದರ ಲೋಹದ ಮೈಗೆ ಕರೆಂಟು ಬಂದರೆ, ಹಸಿರು ವೈರಿನ ಮೂಲಕ ಅದು ಭೂಮಿಗೆ ಇಳಿದುಹೋಗಬೇಕು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉದ್ದವಾಗಿ, ದಪ್ಪವಾಗಿ ಇರುವುದು ಸುಮ್ಮನೆ ಅಲ್ಲ. ಚುಚ್ಚುವಾಗ ಅರ್ಥ್ ಎಲ್ಲಕ್ಕಿಂತ ಮೊದಲು ಸೇರಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಎಂಬುದಕ್ಕಾಗಿ ಹಾಗೆ ಮಾಡಿದ್ದಾರೆ. ಆ ಪಿನ್ನನ್ನೇ ಕತ್ತರಿಸಿ ಎರಡು ಪಿನ್ನಿನ ಸಾಕೆಟ್ಟಿಗೆ ಚುಚ್ಚಿರುವುದನ್ನು ನಾನು ಎಷ್ಟೋ ಮನೆಯಲ್ಲಿ ಕಂಡಿದ್ದೇನೆ.

ಅರ್ಥಿಂಗ್ ಇದ್ದರೂ ಸಾಲದು, ಅದು ಜೀವಂತ ಇರಬೇಕು. ಮನೆ ಕಟ್ಟಿದಾಗ ಗುಂಡಿ ತೋಡಿ ಪೈಪು ಹುಗಿದು ಇದ್ದಲು, ಉಪ್ಪು ತುಂಬಿದ್ದರು. ಆಮೇಲೆ ಅದಕ್ಕೆ ಒಂದು ಬಿಂದಿಗೆ ನೀರು ಹಾಕಿದವರಿಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿ, ಪೈಪಿಗೆ ಬಿಗಿದ ತಂತಿ ತುಕ್ಕು ಹಿಡಿದು, ಅದರ ತಡೆ 50 ಓಮಿಗೆ ಏರಿತು ಎಂದಿಟ್ಟುಕೊಳ್ಳಿ. 230 ವೋಲ್ಟಿಗೆ ಆಗ ಹರಿಯುವುದು ಐದು ಆಂಪಿಯರಿಗೂ ಕಡಿಮೆ. 16 ಆಂಪಿಯರಿನ ಎಂ.ಸಿ.ಬಿ. ಬೀಳುವುದೇ ಇಲ್ಲ. ಫ್ರಿಜ್ಜಿನ ಮೈಯಲ್ಲಿ ಕರೆಂಟು ಹಾಗೇ ಕೂತಿರುತ್ತದೆ, ಮುಟ್ಟುವವರಿಗೆ ಕಾಯುತ್ತಾ.

ಆದ್ದರಿಂದಲೇ ಎರಡನೆಯ ವ್ಯವಸ್ಥೆ, ಆರ್.ಸಿ.ಸಿ.ಬಿ. ಎಂಬ ಪುಟ್ಟ ಸಾಧನ. ಹಳಬರು ಇ.ಎಲ್.ಸಿ.ಬಿ. ಎನ್ನುತ್ತಾರೆ. ಇದರ ಕೆಲಸ ನಮ್ಮ ಸಂಘದ ಕ್ಯಾಷ್ ಪುಸ್ತಕದ ಹಾಗೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಅಷ್ಟೇ ವಾಪಸು ಬಂತೇ ಎಂದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದರೆ, ಅಂದರೆ ಅಷ್ಟು ಕರೆಂಟು ಯಾರದೋ ಮೈಯಿಂದಲೋ ಒದ್ದೆ ಗೋಡೆಯಿಂದಲೋ ನೆಲಕ್ಕೆ ಸೋರಿದರೆ, ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಇಡೀ ಮನೆಯ ಕರೆಂಟನ್ನು ಕಡಿದುಹಾಕುತ್ತದೆ. ಮನೆಗೆ ಕೊಳ್ಳುವಾಗ 30 ಮಿಲಿ ಆಂಪಿಯರಿನದನ್ನೇ ಕೇಳಿ ಕೊಳ್ಳಬೇಕು. ಬೆಲೆ ಒಂದೆರಡು ಮೂಟೆ ಪಶು ಆಹಾರದಷ್ಟು. ಅದರ ಮೇಲೆ 'ಟಿ' ಎಂಬ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಟಕ್ ಎಂದು ಬಿದ್ದರೆ ಅದು ಬದುಕಿದೆ ಎಂದು ತಿಳಿಯಿರಿ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ಒಂದು ಕೈ ಫೇಸಿಗೂ ಇನ್ನೊಂದು ಕೈ ನ್ಯೂಟ್ರಲ್ಲಿಗೂ ತಾಗಿದರೆ ಇದೂ ಕಾಯುವುದಿಲ್ಲ. ಹಾಗಾಗಿ ಇದಿದೆ ಎಂದು ಧೈರ್ಯದಿಂದ ವೈರಿಗೆ ಕೈ ಹಾಕಬಾರದು.

ಇದು ಹಾಲಿನ ಸಂಘ, ಆದ್ದರಿಂದ ಕೊಟ್ಟಿಗೆಯ ಮಾತನ್ನು ಬಿಡುವಂತಿಲ್ಲ. ಮನೆಯ ವೈರಿಂಗ್ ಚೆನ್ನಾಗಿ ಮಾಡಿಸಿದವರೂ ಕೊಟ್ಟಿಗೆಗೆ ಕಿಟಕಿಯಿಂದ ಒಂದು ವೈರು ಎಳೆದು, ತೊಲೆಗೆ ಮೊಳೆ ಹೊಡೆದು ಬಲ್ಬು ಕಟ್ಟಿರುತ್ತಾರೆ. ಅಲ್ಲಿ ಗಂಜಲದ ನೆಲ, ಸದಾ ತೇವ, ಇಲಿ ಹೆಗ್ಗಣದ ಕಾಟ. ದನದ ಮೈ ಕರೆಂಟಿಗೆ ನಮ್ಮ ಮೈಗಿಂತ ಕಡಿಮೆ ತಡೆ ಒಡ್ಡುತ್ತದೆ. ಅದಕ್ಕೆ ಚಪ್ಪಲಿಯಿಲ್ಲ, ಮುಂಗಾಲಿಗೂ ಹಿಂಗಾಲಿಗೂ ದೂರ ಬೇರೆ. ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಹಸುವಿಗೆ ಗೊತ್ತಾಗುತ್ತದೆ. ಹಸು ಇದ್ದಕ್ಕಿದ್ದಂತೆ ತೊಟ್ಟಿಯ ನೀರಿಗೆ ಬಾಯಿ ಹಾಕಲು ಹಿಂದೆಗೆದರೆ, ಕರೆಯುವಾಗ ಕಾಲು ಕುಣಿಸಿದರೆ, ಕೊಟ್ಟಿಗೆಯ ಒಳಗೆ ಬರಲು ಒಲ್ಲದಿದ್ದರೆ ದೃಷ್ಟಿ ತೆಗೆಯುವುದರ ಜೊತೆಗೆ ಒಂದು ಸಲ ವೈರನ್ನೂ ನೋಡಿಸಿ. ಮೇವು ಕತ್ತರಿಸುವ ಯಂತ್ರಕ್ಕೂ ಹಾಲು ಕರೆಯುವ ಯಂತ್ರಕ್ಕೂ ಅರ್ಥ್ ಇರಲೇಬೇಕು.

ಈಗ ಬಾಡಿಗೆ ಮನೆಯ ವಿಷಯಕ್ಕೆ ಬರುತ್ತೇನೆ. ಹಿಂದೆ ಹಳ್ಳಿಯಲ್ಲಿ ಬಾಡಿಗೆ ಮನೆ ಎಂಬುದೇ ಇರಲಿಲ್ಲ. ಈಗ ಶಾಲೆಯ ಟೀಚರುಗಳು, ನರ್ಸಮ್ಮ, ಬ್ಯಾಂಕಿನವರು, ಫ್ಯಾಕ್ಟರಿಗೆ ಹೋಗುವ ಹೆಣ್ಣುಮಕ್ಕಳು ಎಲ್ಲರೂ ಬಾಡಿಗೆಗೆ ಇದ್ದಾರೆ. ನಾವು ಹೊಸ ಮನೆ ಕಟ್ಟಿ, ಹಳೇ ಮನೆಯನ್ನೋ ದನದ ಕೊಟ್ಟಿಗೆಯನ್ನೋ ಎರಡು ಭಾಗ ಮಾಡಿ ಬಾಡಿಗೆಗೆ ಕೊಡುತ್ತೇವೆ. ಸುಣ್ಣ ಬಣ್ಣ ಮಾಡಿಸುತ್ತೇವೆ, ವೈರಿಂಗ್ ಮಾತ್ರ ಹಳೆಯದೇ. ಒಂದೇ ಮೀಟರಿನಿಂದ ಎರಡು ಸಂಸಾರಕ್ಕೆ ವೈರು ಎಳೆಯುತ್ತೇವೆ.

ಬಾಡಿಗೆ ಮನೆಯಲ್ಲಿ ನಡೆಯುವ ಸಂಭಾಷಣೆ ಹೇಗಿರುತ್ತದೆ ಎಂದರೆ, ಟೀಚರಮ್ಮ ಬಂದು, "ಅಣ್ಣಾ, ಬಚ್ಚಲಲ್ಲಿ ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ, ಸ್ವಲ್ಪ ನೋಡ್ಸಿ" ಎನ್ನುತ್ತಾರೆ. ಮನೆ ಯಜಮಾನರು, "ನಾವು ಇಪ್ಪತ್ತು ವರ್ಷ ಅದೇ ಮನೇಲಿ ಇದ್ವಿ ಕಣಮ್ಮ, ನಮಗೇನೂ ಆಗ್ಲಿಲ್ಲ. ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಆ ಟೀಚರಮ್ಮನಿಗೆ ಮತ್ತೆ ಕೇಳಲು ಸಂಕೋಚ, ಹೆಚ್ಚಿಗೆ ಕೇಳಿದರೆ ಮನೆ ಖಾಲಿ ಮಾಡಿ ಎಂದಾರು ಎಂಬ ಭಯ. ತಾವೇ ದುಡ್ಡು ಹಾಕಿ ರಿಪೇರಿ ಮಾಡಿಸೋಣವೆಂದರೆ ಬೇರೆಯವರ ಗೋಡೆ ಒಡೆಯುವ ಹಾಗಿಲ್ಲ. ಯಜಮಾನರು ಆ ನಲ್ಲಿಯನ್ನು ಮುಟ್ಟುವುದಿಲ್ಲ. ಮುಟ್ಟುವವರಿಗೆ ರಿಪೇರಿಯ ಅಧಿಕಾರವಿಲ್ಲ. ಬಾಡಿಗೆ ಮನೆಯ ಅಪಾಯವೆಲ್ಲ ಇರುವುದು ಇಲ್ಲೇ. ನಲ್ಲಿಯಲ್ಲಿ ಜುಮ್ ಎನ್ನುವುದು ಸಣ್ಣ ವಿಷಯವಲ್ಲ. ಕರೆಂಟು ಎಲ್ಲೋ ಸೋರಿ ಪೈಪಿಗೆ ಬಂದಿದೆ, ಇವತ್ತು ಕಾಲು ಒಣಗಿತ್ತು ಆದ್ದರಿಂದ ಜುಮ್ ಎಂದಿತು, ನಾಳೆ ಕಾಲು ಒದ್ದೆಯಿದ್ದರೆ ಏನಾದೀತು ಎಂದು ಯೋಚಿಸಬೇಕು.

ಇದಕ್ಕೆ ಕಾನೂನು ಏನು ಹೇಳುತ್ತದೆ? 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 46ನೇ ನಿಯಮ ಎಂದು ಒಂದಿತ್ತು. ಕರೆಂಟು ಪಡೆದ ಪ್ರತಿಯೊಂದು ಸ್ಥಾವರವನ್ನೂ ಐದು ವರ್ಷ ಮೀರದಂತೆ ಒಮ್ಮೆ ಪರೀಕ್ಷಿಸಬೇಕು ಎಂದು ಅದು ಹೇಳುತ್ತಿತ್ತು. ಲಕ್ಷಾಂತರ ಮನೆಗಳಿಗೆ ಯಾರು ಹೋಗಿ ನೋಡುತ್ತಾರೆ? ಹಳ್ಳಿಮನೆಗಳ ಮಟ್ಟಿಗೆ ಅದು ಬಹುಪಾಲು ಪುಸ್ತಕದಲ್ಲೇ ಉಳಿಯಿತು. 2003ರ ವಿದ್ಯುತ್ ಕಾಯ್ದೆ ಬಂದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತೆಯ ಹೊಸ ನಿಯಮಗಳನ್ನು ತಂದಿತು, 2023ರಲ್ಲಿ ಅವನ್ನು ಬದಲಿಸಿ ಮತ್ತೆ ಹೊಸ ನಿಯಮ ಮಾಡಿತು. ದೊಡ್ಡ ಕಟ್ಟಡ, ದೊಡ್ಡ ವೋಲ್ಟೇಜಿನ ಸ್ಥಾವರಗಳಿಗೆ ಸರ್ಕಾರದ ವಿದ್ಯುತ್ ಪರಿವೀಕ್ಷಕರು ಬರುತ್ತಾರೆ. ಮನೆಯಂಥ ಸಣ್ಣ ಸಂಪರ್ಕಗಳನ್ನು ಯಜಮಾನರೇ ಪರೀಕ್ಷೆ ಮಾಡಿಸಿ ತಾವೇ ದೃಢೀಕರಿಸಿಕೊಳ್ಳಬೇಕು. ಅಂದರೆ ಜವಾಬ್ದಾರಿ ತಿರುಗಿ ನಮ್ಮ ತಲೆಯ ಮೇಲೇ ಬಂತು, ನಮಗೆ ಅದು ಗೊತ್ತಿಲ್ಲ ಅಷ್ಟೇ.

ಬಾಡಿಗೆಯ ವಿಷಯದಲ್ಲಿ 2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆಯನ್ನು ಸಿದ್ಧಪಡಿಸಿ ರಾಜ್ಯಗಳಿಗೆ ಕಳಿಸಿತು. ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾಯ್ದೆ ತಾವೇ ಮಾಡಿಕೊಳ್ಳಬೇಕು. ಆದರೆ ಅದರಲ್ಲಿರುವ ಹಂಚಿಕೆ ನ್ಯಾಯವಾಗಿದೆ. ಮನೆಯ ಒಳಗಿನ, ಹೊರಗಿನ ವೈರಿಂಗ್ ಮತ್ತು ಅದರ ನಿರ್ವಹಣೆ ಮನೆ ಮಾಲೀಕರದು, ಸ್ವಿಚ್ಚು, ಸಾಕೆಟ್ಟುಗಳ ರಿಪೇರಿ ಬಾಡಿಗೆದಾರರದು. ಇಂಗ್ಲೆಂಡಿನಲ್ಲಿ 2020ರಲ್ಲಿ ನಿಯಮ ಮಾಡಿ, ಬಾಡಿಗೆ ಮನೆಯ ವೈರಿಂಗನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ, ವರದಿಯ ಪ್ರತಿಯನ್ನು 28 ದಿನದೊಳಗೆ ಬಾಡಿಗೆದಾರರಿಗೆ ಕೊಡಬೇಕು ಎಂದರು. ಆ ಐದು ವರ್ಷದ ಲೆಕ್ಕ ನಮ್ಮಲ್ಲಿ 1956ರಲ್ಲೇ ಇತ್ತು ಎಂಬುದನ್ನು ನೆನಪಿಸಿಕೊಳ್ಳಿ. ಅಲ್ಲಿ ಅದರ ಜೊತೆಗೆ ಒಂದು ಒಳ್ಳೆಯ ಅಂಶ ಸೇರಿದೆ. ಮನೆಯಲ್ಲಿ ವಾಸ ಮಾಡುವವರ ಕೈಗೂ ವರದಿ ಸೇರಬೇಕು ಎಂಬುದೇ ಅದು.

ತಪಾಸಣೆ ಎಂದರೆ ಏನು ಮಾಡುತ್ತಾರೆ? ಗೋಡೆ ಒಡೆಯುವುದಿಲ್ಲ, ಹೆದರಬೇಡಿ. ವಿದ್ಯುತ್ ಪರಿವೀಕ್ಷಣಾಲಯದಿಂದ ಲೈಸೆನ್ಸ್ ಪಡೆದ ಕಂಟ್ರಾಕ್ಟರೋ, ಪರ್ಮಿಟ್ ಇರುವ ಅವರ ಕಡೆಯ ಸೂಪರ್‌ವೈಸರೋ ಬರಬೇಕು. ಮೊದಲು ಮೇನ್ ಆಫ್ ಮಾಡಿ ಬೋರ್ಡುಗಳನ್ನು ಬಿಚ್ಚಿ ಸುಟ್ಟ ಗುರುತು, ಸಡಿಲ ಜಾಯಿಂಟು ನೋಡುತ್ತಾರೆ. ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟು ಹಾಕಿ ವೈರಿನ ಹೊದಿಕೆಯ ಶಕ್ತಿಯನ್ನು ಅಳೆಯುತ್ತಾರೆ. ಅದು ಒಂದು ಮೆಗಾ ಓಮಿಗಿಂತ ಕಡಿಮೆ ಇರಬಾರದು. ಅರ್ಥಿನ ತಡೆಯನ್ನು ಅಳೆಯುತ್ತಾರೆ. ಸ್ವಿಚ್ಚು ಫೇಸಿನಲ್ಲಿದೆಯೋ ನ್ಯೂಟ್ರಲ್ಲಿನಲ್ಲಿದೆಯೋ ನೋಡುತ್ತಾರೆ, ಏಕೆಂದರೆ ನ್ಯೂಟ್ರಲ್ಲಿನಲ್ಲಿ ಸ್ವಿಚ್ಚಿದ್ದರೆ ದೀಪ ಆರಿದ್ದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಆರ್.ಸಿ.ಸಿ.ಬಿ. ಎಷ್ಟು ಕರೆಂಟಿಗೆ ಬೀಳುತ್ತದೆ ಎಂದು ಪರೀಕ್ಷಿಸುತ್ತಾರೆ. ವೈರಿನ ದಪ್ಪಕ್ಕೂ ಫ್ಯೂಸಿಗೂ ಮನೆಯಲ್ಲಿರುವ ಸಾಮಾನಿಗೂ ತಾಳೆ ಹಾಕುತ್ತಾರೆ. ಸಾಧಾರಣ ಮನೆಗೆ ಒಂದೆರಡು ಗಂಟೆಯ ಕೆಲಸ. ಸುಮ್ಮನೆ ಟೆಸ್ಟರು ಚುಚ್ಚಿ "ಎಲ್ಲಾ ಸರಿ ಇದೆ" ಎಂದು ಹೋದರೆ ಅದು ತಪಾಸಣೆಯಲ್ಲ. ಅಳತೆಯ ಅಂಕಿಗಳನ್ನು ಕಾಗದದ ಮೇಲೆ ಬರೆದು ಸಹಿ ಹಾಕಿಸಿಕೊಳ್ಳಬೇಕು.

ಆ ಪರೀಕ್ಷೆಯಾಗುವವರೆಗೆ ನಾವೇ ಕಣ್ಣಿನಿಂದ ನೋಡಬಹುದಾದ್ದು ಬಹಳ ಇದೆ. ಸ್ವಿಚ್ ಬೋರ್ಡು ಬಿಸಿಯಾಗುತ್ತದೆಯೇ, ಕಪ್ಪಾಗಿದೆಯೇ, ಸುಟ್ಟ ವಾಸನೆ ಬರುತ್ತದೆಯೇ? ಮಳೆಗಾಲದಲ್ಲಿ ಗೋಡೆ ಜುಮ್ ಎನ್ನುತ್ತದೆಯೇ? ಮನೆಯ ಸಾಮಾನೆಲ್ಲ ಆಫ್ ಮಾಡಿದ ಮೇಲೂ ಮೀಟರಿನ ಕೆಂಪು ದೀಪ ಮಿಣುಕುತ್ತಲೇ ಇದೆಯೇ? ಹಿಂದೆ ಬಿಲ್ಲು ಜಾಸ್ತಿ ಬಂದರೆ ಎಲ್ಲೋ ಸೋರುತ್ತಿದೆ ಎಂದು ಹುಡುಕುತ್ತಿದ್ದರು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ಲಿನ ಮನೆಯಲ್ಲಿ ಆ ಹುಡುಕಾಟ ಕಡಿಮೆಯಾಗುವುದು ಸಹಜ, ಆದ್ದರಿಂದ ಮೀಟರಿನ ಮೇಲೆ ಕಣ್ಣಿರಲಿ. ಹೀಟರನ್ನು ಆಫ್ ಮಾಡಿ ಪ್ಲಗ್ಗು ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು. ಯು.ಪಿ.ಎಸ್. ಇರುವ ಮನೆಯಲ್ಲಿ ಮೇನ್ ಆಫ್ ಮಾಡಿದರೂ ವೈರಿನಲ್ಲಿ ಕರೆಂಟಿರುತ್ತದೆ, ಅದನ್ನೂ ಆಫ್ ಮಾಡದೆ ಬೋರ್ಡು ಬಿಚ್ಚಬಾರದು.

ಎಲ್ಲಕ್ಕಿಂತ ಮುಖ್ಯವಾಗಿ ಬಟ್ಟೆ ಒಣಹಾಕುವ ತಂತಿ. ನಮ್ಮ ಹೆಣ್ಣುಮಕ್ಕಳಿಗೆ ಇದರಿಂದ ಆಗುವ ಅಪಾಯ ಕಣ್ಣಿಗೆ ಕಾಣದ್ದು. ಗೋಡೆಯ ಮೊಳೆಯಿಂದ ಮೀಟರಿನ ಪೈಪಿಗೋ ಕರೆಂಟು ಕಂಬಕ್ಕೋ ಕಬ್ಬಿಣದ ತಂತಿ ಕಟ್ಟಿರುತ್ತೇವೆ. ಮೇಲೆ ಸರ್ವಿಸ್ ವೈರು ಗಾಳಿಗೆ ಉಜ್ಜಿ ಉಜ್ಜಿ ಹೊದಿಕೆ ಕಳೆದುಕೊಂಡು ಅದಕ್ಕೆ ತಗುಲಿದರೆ, ಒದ್ದೆ ಬಟ್ಟೆ ಹಿಡಿದು ಬರಿಗಾಲಲ್ಲಿ ನಿಂತ ತಾಯಿಯ ಗತಿ ಏನು? ಇವತ್ತು ಮನೆಗೆ ಹೋದವರೇ ಆ ತಂತಿಯನ್ನು ಬಿಚ್ಚಿ ನೈಲಾನ್ ಹಗ್ಗ ಕಟ್ಟಿ. ಇದಕ್ಕೆ ಯಾವ ಕಂಟ್ರಾಕ್ಟರೂ ಬೇಡ. ಹೊದಿಕೆ ಹೋದ ಸರ್ವಿಸ್ ವೈರು ಕಂಡರೆ 1912ಕ್ಕೆ ಫೋನು ಮಾಡಿ ದೂರು ಬರೆಸಿ ಅದರ ನಂಬರು ಇಟ್ಟುಕೊಳ್ಳಿ.

ಇಷ್ಟಾದರೂ ಯಾರಿಗಾದರೂ ಶಾಕ್ ಹೊಡೆದರೆ, ಗಾಬರಿಯಲ್ಲಿ ಅವರನ್ನು ಹಿಡಿದು ಎಳೆಯಬೇಡಿ, ಇಬ್ಬರೂ ಹೋಗುತ್ತೀರಿ. ಮೊದಲು ಮೇನ್ ಆಫ್ ಮಾಡಿ. ಆಗದಿದ್ದರೆ ಒಣಗಿದ ಮರದ ಕೋಲಿನಿಂದ ವೈರನ್ನು ದೂರ ಸರಿಸಿ. ಇದು ಮನೆಯ ವೈರಿನ ಮಾತು, ಕಂಬದ ಮೇಲಿನ ಹೈಟೆನ್ಷನ್ ಲೈನಿನ ಹತ್ತಿರ ಕೋಲು ಹಿಡಿದೂ ಹೋಗಕೂಡದು. 108ಕ್ಕೆ ಫೋನು ಮಾಡಿ. ಉಸಿರಾಟ ನಿಂತಿದ್ದರೆ ಎದೆಯ ನಡುವೆ ಎರಡು ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತಿರಿ. ಅಂಗಾಲು ತಿಕ್ಕುವುದು, ಮರಳಿನಲ್ಲಿ ಹೂಳುವುದು ಇವುಗಳಲ್ಲಿ ಕಳೆಯುವ ಒಂದೊಂದು ನಿಮಿಷವೂ ಪ್ರಾಣದ ನಿಮಿಷ.

ಬಂಧುಗಳೇ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮಗೆಲ್ಲ ಗೊತ್ತು. ಆದ್ದರಿಂದ ಈ ರಜತ ವರ್ಷದಲ್ಲಿ ಆಡಳಿತ ಮಂಡಳಿಯ ಮುಂದೆ ಕೆಲವು ಕೋರಿಕೆಗಳನ್ನು ಇಡುತ್ತೇನೆ.

ಮೊದಲನೆಯದು, ನಮ್ಮ ಸಂಘವೂ ಒಬ್ಬ ಮನೆ ಮಾಲೀಕನೇ. ಮುಂದಿನ ಎರಡು ಮಳಿಗೆಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಹಾಲು ಅಳೆಯುವ ಕೋಣೆಯ ನೆಲ ಎರಡು ಹೊತ್ತೂ ಒದ್ದೆಯಿರುತ್ತದೆ, ಅಲ್ಲೇ ಯಂತ್ರಗಳಿವೆ, ಅಲ್ಲೇ ನಮ್ಮ ಮಕ್ಕಳು ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಬೇರೆಯವರಿಗೆ ಹೇಳುವ ಮೊದಲು ನಮ್ಮ ಕಟ್ಟಡದ, ಮಳಿಗೆಗಳ ತಪಾಸಣೆ ಮಾಡಿಸಿ, ವರದಿಯ ಒಂದು ಪ್ರತಿಯನ್ನು ಮಳಿಗೆಯವರಿಗೆ ಕೊಡಬೇಕು, ಇನ್ನೊಂದನ್ನು ನೋಟೀಸ್ ಬೋರ್ಡಿಗೆ ಹಾಕಬೇಕು.

ಎರಡನೆಯದು, ಒಬ್ಬೊಬ್ಬರೇ ಕಂಟ್ರಾಕ್ಟರನ್ನು ಕರೆದರೆ ಖರ್ಚು ಹೆಚ್ಚು, ಅವರು ಬರುವುದೂ ಅನುಮಾನ. ಸಂಘದ ಮೂಲಕ ಐವತ್ತು ಮನೆ ಒಟ್ಟಿಗೆ ಮಾಡಿಸಿದರೆ ದರವೂ ಇಳಿಯುತ್ತದೆ, ಕೆಲಸವೂ ಅಚ್ಚುಕಟ್ಟಾಗುತ್ತದೆ. ಸಹಕಾರ ಎಂದರೆ ಇದೇ ಅಲ್ಲವೇ? ಅರ್ಥಿಂಗಿಗೂ ಆರ್.ಸಿ.ಸಿ.ಬಿ.ಗೂ ಕೈಯಲ್ಲಿ ದುಡ್ಡಿಲ್ಲದ ಸದಸ್ಯರಿಗೆ, ಬೈಲಾದಲ್ಲಿ ಅವಕಾಶವಿದ್ದರೆ, ಸಣ್ಣ ಮುಂಗಡ ಕೊಟ್ಟು ಹಾಲಿನ ಬಟವಾಡೆಯಲ್ಲಿ ಕಂತು ಹಿಡಿಯಬಹುದು. ಹಸು ಕೊಳ್ಳಲು ಸಾಲ ಮಾಡುತ್ತೇವೆ, ಹಸುವನ್ನೂ ಹಾಲು ಕರೆಯುವವರನ್ನೂ ಉಳಿಸಿಕೊಳ್ಳಲು ಮಾಡಿದರೆ ತಪ್ಪಿಲ್ಲ.

ಮೂರನೆಯದು, ಮನೆ ಬಾಡಿಗೆಗೆ ಕೊಟ್ಟಿರುವ ಸದಸ್ಯರಿಗೆ. ಕರಾರು ಪತ್ರದಲ್ಲಿ ಒಂದೇ ಒಂದು ಸಾಲು ಸೇರಿಸಿ: ಐದು ವರ್ಷಕ್ಕೊಮ್ಮೆ, ಮತ್ತು ಹೊಸ ಬಾಡಿಗೆದಾರರು ಬರುವ ಮೊದಲು, ವೈರಿಂಗ್ ತಪಾಸಣೆ ಮಾಲೀಕರ ಖರ್ಚಿನಲ್ಲಿ ಆಗತಕ್ಕದ್ದು, ಪ್ರತಿ ಬಾಡಿಗೆದಾರರಿಗೆ ಕೊಡತಕ್ಕದ್ದು. ತಪಾಸಣೆಯ ತಾರೀಖು ಬರೆದ ಚೀಟಿಯನ್ನು ಮೀಟರ್ ಬೋರ್ಡಿನ ಹತ್ತಿರ ಅಂಟಿಸಿ. ಇದರಿಂದ ಬಾಡಿಗೆ ಕಡಿಮೆಯಾಗುವುದಿಲ್ಲ, ಇಂಥ ಮನೆಗೆ ಜನ ಹುಡುಕಿಕೊಂಡು ಬರುತ್ತಾರೆ.

ಬಾಡಿಗೆಗೆ ಇರುವ ತಂಗಿಯರಿಗೂ ತಮ್ಮಂದಿರಿಗೂ ಒಂದು ಮಾತು. ನೀವು ಸಂಘದ ಸದಸ್ಯರಲ್ಲದಿರಬಹುದು, ನಮ್ಮ ಊರಿನವರಂತೂ ಹೌದು. ನಲ್ಲಿ ಜುಮ್ ಎಂದರೆ ಸಂಕೋಚ ಪಡದೆ ಮಾಲೀಕರಿಗೆ ಹೇಳಿ, ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದೂ ಕೊಡಿ. ಮಾಲೀಕರು ಕೇಳದಿದ್ದರೆ ಸಂಘದ ಹಿರಿಯರಿಗೆ ಬಂದು ತಿಳಿಸಿ. ಊರಿನಲ್ಲಿ ಎಷ್ಟೋ ಜಗಳಗಳನ್ನು ಈ ಜಗಲಿಯ ಮೇಲೆ ಕೂತು ಬಗೆಹರಿಸಿದ್ದಾರೆ, ಇದನ್ನೂ ಬಗೆಹರಿಸಿಕೊಡುತ್ತಾರೆ.

ಇಪ್ಪತ್ತೈದು ವರ್ಷ ಒಂದು ಪೈಸೆ ವ್ಯತ್ಯಾಸವಾಗದಂತೆ ಲೆಕ್ಕ ಇಟ್ಟಿರುವ ಸಂಘ ಇದು ಎಂದು ಅಧ್ಯಕ್ಷರು ಈಗಷ್ಟೇ ವರದಿಯಲ್ಲಿ ಓದಿದರು. ಅಷ್ಟೇ ಶ್ರದ್ಧೆಯಿಂದ ಈ ಇನ್ನೊಂದು ಲೆಕ್ಕವನ್ನೂ ಇಡುವುದು ನಮಗೆ ಕಷ್ಟವಾಗಲಾರದು. ಮುಂದಿನ ವಾರ್ಷಿಕ ಮಹಾಸಭೆಯ ವರದಿಯಲ್ಲಿ ಎಷ್ಟು ಲೀಟರು ಹಾಲು ಬಂತು ಎಂಬುದರ ಕೆಳಗೆ, ಎಷ್ಟು ಮನೆಗಳ, ಎಷ್ಟು ಕೊಟ್ಟಿಗೆಗಳ ತಪಾಸಣೆಯಾಯಿತು ಎಂಬ ಒಂದು ಸಾಲು ಸೇರಲಿ ಎಂದು ಕೇಳಿಕೊಳ್ಳುತ್ತೇನೆ. ಅದಕ್ಕೆ ಬೇಕಾದ ಪಟ್ಟಿ, ನಮೂನೆ ಬರೆದುಕೊಡಲು, ಕಂಟ್ರಾಕ್ಟರ ಜೊತೆ ಮನೆಮನೆಗೆ ಓಡಾಡಲು ನಾನು ಸಿದ್ಧನಿದ್ದೇನೆ, ಬೆಳಗಿನ ಹಾಲಿನ ಹೊತ್ತು ಮುಗಿದ ಮೇಲೆ ಯಾವಾಗ ಬೇಕಾದರೂ ಕರೆಯಿರಿ.

 ಸಂಘ ಇನ್ನೂ ಏಳಿಗೆಯಾಗಲಿ, ಸುವರ್ಣ ಮಹೋತ್ಸವವನ್ನೂ ನೋಡಲಿ.